ಜ್ಯಾಕ್ ಇಲ್ಲದ ಫೋನಿಗೆ ವೈರ್ ಇಯರ್‌ಫೋನ್: ಡಾಂಗಲ್‌ನಿಂದ ರಬ್ಬರ್ ಟಿಪ್‌ವರೆಗೆ ಆರಿಸುವ ಕ್ರಮ

ಹೊಸ ಫೋನಿನಲ್ಲಿ ಇಯರ್‌ಫೋನ್ ಚುಚ್ಚುವ ದುಂಡನೆ ತೂತು ಇಲ್ಲ ಅಂದ ಮಾತ್ರಕ್ಕೆ ವೈರ್ ಬಿಡಬೇಕಿಲ್ಲ. 2016ರಲ್ಲಿ ಐಫೋನ್ 7 ಬಂದಾಗ 3.5 ಎಂಎಂ ಜ್ಯಾಕ್ ಹೋಯಿತು. ಮರುವರ್ಷ ಪಿಕ್ಸೆಲ್ 2, 2018ರಲ್ಲಿ ಒನ್‌ಪ್ಲಸ್ 6ಟಿ, 2019ರಲ್ಲಿ ಸ್ಯಾಮ್‌ಸಂಗ್ ನೋಟ್ 10 ಅದೇ ದಾರಿ ಹಿಡಿದವು. ಈಗ ಜ್ಯಾಕ್ ಇರುವ ಫೋನ್ ಬೇಕು ಅಂದರೆ ಹುಡುಕಿಕೊಂಡು ಹೋಗಬೇಕು.

ಆದರೂ ವೈರ್ ಬೇಕು ಅನ್ನುವವರು ಬೆಂಗಳೂರಿನಲ್ಲಿ ಕಡಿಮೆಯೇನಿಲ್ಲ. ದಿನವಿಡೀ ಮೀಟಿಂಗ್‌ನಲ್ಲಿ ಕೂರುವವರು, ಆನ್‌ಲೈನ್ ಕ್ಲಾಸ್ ಕೇಳುವ ಮಕ್ಕಳು, ವಿಡಿಯೋ ಎಡಿಟ್ ಮಾಡುವವರು, ಗೇಮ್ ಆಡುವವರು, ಸಂಗೀತವನ್ನು ಕೂತು ಕೇಳುವವರು. ವೈರ್ ಇಯರ್‌ಫೋನಿಗೆ ಚಾರ್ಜ್ ಬೇಡ. ತುಟಿ ಅಲುಗಿದ ಮೇಲೆ ಮಾತು ತಡವಾಗಿ ಬರುವ ಕಾಟ ಇಲ್ಲ. ವೈರ್‌ಲೆಸ್ ಬಡ್‌ಗಳ ಪುಟ್ಟ ಬ್ಯಾಟರಿ ಕೆಲವು ವರ್ಷಕ್ಕೆ ಸೋತು ಹೋಗುತ್ತದೆ, ಬದಲಿಸುವುದು ಕಷ್ಟ. ಒಳ್ಳೆಯ ವೈರ್ ಇಯರ್‌ಫೋನ್ ಅದಕ್ಕಿಂತ ಎಷ್ಟೋ ಕಾಲ ಬಾಳುತ್ತದೆ. ಅದೇ ದುಡ್ಡಿಗೆ ಸೌಂಡ್ ಕೂಡ ಸಾಮಾನ್ಯವಾಗಿ ಮೇಲು.

ಹೆಚ್ಚಿನವರು ಮೊದಲು ಬ್ರಾಂಡ್ ನೋಡುತ್ತಾರೆ, ಆಮೇಲೆ ಬೆಲೆ, ಕೊನೆಗೆ ಮನೆಗೆ ಬಂದು ಫೋನಿಗೆ ಆಗುತ್ತಾ ಅಂತ ನೋಡುತ್ತಾರೆ. ಈ ಕ್ರಮ ತಿರುಗಿಸಬೇಕು. ಮೊದಲು ಫೋನಿನ ಪೋರ್ಟ್, ಆಮೇಲೆ ಡಾಂಗಲ್ (ಪೋರ್ಟಿಗೂ ಇಯರ್‌ಫೋನಿನ ಪಿನ್ನಿಗೂ ನಡುವೆ ಹಾಕುವ ಪುಟ್ಟ ಕನ್ವರ್ಟರ್), ಆಮೇಲೆ ನಿಮ್ಮ ಕಿವಿ. ಬ್ರಾಂಡ್ ಕಡೆಗೆ.

ಹೆಜ್ಜೆ 1: ನಿಮ್ಮ ಫೋನಿನ ಪೋರ್ಟ್ ಏನು ಕೊಡುತ್ತದೆ?

ಐಫೋನ್ 7ರಿಂದ 14ರವರೆಗೆ ಲೈಟ್ನಿಂಗ್ ಪೋರ್ಟ್. ಇವಕ್ಕೆ ಲೈಟ್ನಿಂಗ್‌ನಿಂದ 3.5ಕ್ಕೆ ಹೋಗುವ ಅಡಾಪ್ಟರ್ ಬೇಕು, ಆ್ಯಪಲ್‌ನದೇ ಸಿಕ್ಕರೆ ಅದು ಸುಲಭದ ದಾರಿ. 2023ರ ಐಫೋನ್ 15ರಿಂದ ಟೈಪ್-ಸಿ. ಆಂಡ್ರಾಯ್ಡ್ ಫೋನುಗಳಲ್ಲಿ ಬಹುತೇಕ ಎಲ್ಲವೂ ಟೈಪ್-ಸಿ.

ಟೈಪ್-ಸಿ ಅಂದ ಮೇಲೆ ಎಲ್ಲ ಒಂದೇ ಅಲ್ವಾ ಅನಿಸಬಹುದು. ಅಲ್ಲ. ಫೋನಿನೊಳಗೆ ಹಾಡು ಬರೀ ಅಂಕಿಗಳ ರೂಪದಲ್ಲಿ ಇರುತ್ತದೆ. ಇಯರ್‌ಫೋನಿಗೆ ಬೇಕಾದದ್ದು ಏರಿಳಿಯುವ ವಿದ್ಯುತ್ ಅಲೆ. ಅಂಕಿಯನ್ನು ಅಲೆ ಮಾಡುವ ಚಿಪ್‌ಗೆ ಡ್ಯಾಕ್ ಅಂತಾರೆ. ಕೆಲವು ಹಳೆಯ ಫೋನುಗಳು ಒಳಗೇ ಈ ಕೆಲಸ ಮುಗಿಸಿ, ತಯಾರಾದ ಅಲೆಯನ್ನೇ ಟೈಪ್-ಸಿ ಪೋರ್ಟಿನಿಂದ ಹೊರಗೆ ಬಿಡುತ್ತಿದ್ದವು. ಈಗಿನ ಹಲವು ಫೋನುಗಳು ಬರೀ ಅಂಕಿ ಕೊಡುತ್ತವೆ. ಸ್ಯಾಮ್‌ಸಂಗ್‌ನ ಜ್ಯಾಕ್ ಇಲ್ಲದ ಗ್ಯಾಲಕ್ಸಿಗಳು, ಪಿಕ್ಸೆಲ್, ಟೈಪ್-ಸಿ ಐಫೋನ್ ಎಲ್ಲ ಈ ಗುಂಪಿನವು. ಇವುಗಳಲ್ಲಿ ಅಲೆ ಮಾಡುವ ಚಿಪ್ ಹೊರಗೆ, ಡಾಂಗಲ್‌ನಲ್ಲೋ ಇಯರ್‌ಫೋನಿನಲ್ಲೋ ಇರಲೇಬೇಕು.

ನಿಮ್ಮ ಫೋನ್ ಯಾವ ಗುಂಪು ಅಂತ ತಲೆ ಕೆಡಿಸಿಕೊಳ್ಳಬೇಡಿ. ಡ್ಯಾಕ್ ಇರುವುದನ್ನೇ ತೆಗೆದುಕೊಂಡರೆ ಹೆಚ್ಚುಕಮ್ಮಿ ಎಲ್ಲ ಫೋನಿಗೂ ಆಗುತ್ತದೆ. ನಾಳೆ ಫೋನ್ ಬದಲಿಸಿದರೂ, ಲ್ಯಾಪ್‌ಟಾಪಿಗೆ ಹಾಕಿದರೂ ಕೆಲಸ ಮಾಡುತ್ತದೆ.

ಹೆಜ್ಜೆ 2: ಡಾಂಗಲ್ ಆರಿಸುವುದು

ಬಹಳ ಜನ ದುಡ್ಡು ಕಳೆದುಕೊಳ್ಳುವುದು ಈ ಹೆಜ್ಜೆಯಲ್ಲಿ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಅಂಗಡಿಯಲ್ಲಿ ಟೈಪ್-ಸಿಯಿಂದ 3.5ಕ್ಕೆ ಹೋಗುವ ಕನ್ವರ್ಟರ್ ಕೇಳಿದರೆ ನೂರು ರೂಪಾಯಿಯದೂ ತೋರಿಸುತ್ತಾರೆ, ಸಾವಿರದ್ದೂ ತೋರಿಸುತ್ತಾರೆ. ಹೊರಗಿನಿಂದ ಎರಡೂ ಒಂದೇ ಥರ. ಒಂದು ಕಡೆ ಚಪ್ಪಟೆ ಪಿನ್, ನಡುವೆ ಗೇಣುದ್ದದ ವೈರ್, ಇನ್ನೊಂದು ಕಡೆ ದುಂಡು ತೂತು. ತೀರಾ ಅಗ್ಗದ್ದರಲ್ಲಿ ಎಷ್ಟೋ ಸಲ ಚಿಪ್ಪೇ ಇರುವುದಿಲ್ಲ, ಸುಮ್ನೆ ತಂತಿ ಅಷ್ಟೆ. ಅದನ್ನು ಡ್ಯಾಕ್ ಕೇಳುವ ಫೋನಿಗೆ ಚುಚ್ಚಿದರೆ ಹಾಡು ಸ್ಪೀಕರಿನಲ್ಲೇ ಬರುತ್ತದೆ. ಕೆಲವು ಆಂಡ್ರಾಯ್ಡ್ ಫೋನುಗಳು ಅನಲಾಗ್ ಆಡಿಯೋ ಸಾಧನ ಸಿಕ್ಕಿದೆ, ಈ ಫೋನಿಗೆ ಹೊಂದುವುದಿಲ್ಲ ಅಂತ ಸಂದೇಶ ತೋರಿಸುತ್ತವೆ. ಆಗ ಫೋನ್ ಕೆಟ್ಟಿದೆ ಅಂದುಕೊಳ್ಳಬೇಡಿ, ಡಾಂಗಲ್ ತಪ್ಪು.

ಚಿಪ್ ಇದೆಯೋ ಇಲ್ಲವೋ ನೋಡಲು ಒಂದು ಪಕ್ಕಾ ದಾರಿ ಇದೆ. ಡಾಂಗಲಿಗೆ ಇಯರ್‌ಫೋನ್ ಸಿಕ್ಕಿಸಿ, ಅದನ್ನು ಟೈಪ್-ಸಿ ಪೋರ್ಟ್ ಇರುವ ಲ್ಯಾಪ್‌ಟಾಪಿಗೆ ಚುಚ್ಚಿ, ಸೌಂಡ್ ಔಟ್‌ಪುಟ್ ಪಟ್ಟಿ ತೆರೆಯಿರಿ. ಹೊಸ ಸಾಧನದ ಹೆಸರು ಬಂದರೆ ಚಿಪ್ ಇದೆ. ಏನೂ ಬರದಿದ್ದರೆ ಬರೀ ತಂತಿ. ಅಂಗಡಿಯಲ್ಲಿ ಲ್ಯಾಪ್‌ಟಾಪ್ ಇರದಿದ್ದರೆ ನಿಮ್ಮ ಫೋನಿಗೇ ಹಾಕಿ ಹಾಡು ಹಚ್ಚಿ ನೋಡಿ. ಇಂಥ ಸಣ್ಣ ವಸ್ತುವನ್ನು ಪರೀಕ್ಷೆ ಮಾಡದೆ ತರಬಾರದು.

ಈಗ ಹೆಸರುಗಳು. ಆ್ಯಪಲ್‌ನ ಟೈಪ್-ಸಿ ಅಡಾಪ್ಟರ್ ನೋಡಲು ಬಡಕಲು, ಸೌಂಡ್ ತುಂಬ ಸ್ವಚ್ಛ. ಐಫೋನ್ 15 ಮತ್ತು ಅದರ ನಂತರದವಕ್ಕೆ ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಬಹುದು. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಮಾತ್ರ ಇದರ ವಾಲ್ಯೂಮ್ ತೀರಾ ಕಡಿಮೆ ಬರುತ್ತದೆ. ಅಡಾಪ್ಟರಿನೊಳಗೆ ಅದರದೇ ವಾಲ್ಯೂಮ್ ಇದೆ, ಅದನ್ನು ಫೋನ್ ಪೂರ್ತಿ ಏರಿಸುವುದಿಲ್ಲ, ಅದಕ್ಕೆ ಹೀಗೆ. ಆಂಡ್ರಾಯ್ಡ್‌ನವರಿಗೆ ಜೆಕಾಲಿ ಜೆಎಂ6 ಅಥವಾ ಫಿಯೋ ಕಂಪನಿಯ ಜೇಡ್ ಆಡಿಯೋ ಜೆಎ11ನಂಥವು ಹೆಚ್ಚು ಹೊಂದುತ್ತವೆ. ಆಫರ್ ನೋಡಿಕೊಂಡು ಸುಮಾರು ಒಂದು ಸಾವಿರದ ಆಚೀಚೆ ಸಿಗುತ್ತವೆ. ಮೂರು, ಐದು, ಹತ್ತು ಸಾವಿರದ ಡಾಂಗಲ್‌ಗಳೂ ಇವೆ. ಕಿವಿಯೊಳಗೆ ಕೂರುವ ಇನ್-ಇಯರ್ ಇಯರ್‌ಫೋನ್ ಓಡಿಸಲು ತುಂಬ ಕಡಿಮೆ ಪವರ್ ಸಾಕು. ಆ ದುಡ್ಡನ್ನು ಇಯರ್‌ಫೋನ್ ಮೇಲೆ ಹಾಕಿ, ವ್ಯತ್ಯಾಸ ಅಲ್ಲಿ ಕೇಳಿಸುತ್ತದೆ.

ಮೃದುವಾದ ಚಿಕ್ಕ ವೈರ್ ಇರುವ ಡಾಂಗಲ್ಲೇ ಇರಲಿ. ವೈರ್ ಇಲ್ಲದೆ ಗಟ್ಟಿ ಕಡ್ಡಿಯಂತೆ ಪೋರ್ಟಿನಿಂದ ಚಾಚಿಕೊಳ್ಳುವಂಥದ್ದು ಜೇಬಿನಲ್ಲಿ ಒತ್ತಿಕೊಂಡಾಗಲೆಲ್ಲ ಪೋರ್ಟಿಗೆ ಭಾರ ಹಾಕುತ್ತದೆ. ಚಾರ್ಜಿಂಗ್ ಪೋರ್ಟ್ ಸಡಿಲವಾದರೆ ಆಗುವ ಖರ್ಚು ಡಾಂಗಲ್‌ನ ಬೆಲೆಗಿಂತ ದೊಡ್ಡದು. ನಿಮ್ಮ ಫೋನಿನ ಕವರ್ ದಪ್ಪ ಇದ್ದರೆ ಕವರ್ ಸಮೇತ ಚುಚ್ಚಿ ನೋಡಿ. ಪಿನ್ ಪೂರ್ತಿ ಒಳಗೆ ಹೋಗದಿದ್ದರೆ ಅಲುಗಾಡಿದಾಗಲೆಲ್ಲ ಹಾಡು ನಿಲ್ಲುತ್ತದೆ.

ಚಾರ್ಜ್ ಮಾಡುತ್ತಲೇ ಕೇಳಬೇಕು ಅನ್ನುವವರಿಗೆ ಎರಡು ಕವಲಿನ ಡಾಂಗಲ್ ಬರುತ್ತದೆ. ಒಂದು ಕವಲು ಚಾರ್ಜರಿಗೆ, ಇನ್ನೊಂದು ಇಯರ್‌ಫೋನಿಗೆ. ಇದರಲ್ಲೂ ಡ್ಯಾಕ್ ಇದೆಯಾ ಕೇಳಿ. ಚಾರ್ಜರ್ ಹಾಕಿದಾಗ ಗುಂಯ್ ಅನ್ನುವ ಸದ್ದು ಬರುತ್ತಾ ಅಂತಲೂ ನೋಡಿ. ಇವುಗಳಲ್ಲಿ ಹೆಚ್ಚಿನವು ಫಾಸ್ಟ್ ಚಾರ್ಜ್ ಕೊಡುವುದಿಲ್ಲ.

ಹೆಜ್ಜೆ 3: ನೇರ ಟೈಪ್-ಸಿ ಇಯರ್‌ಫೋನೋ, 3.5 ಜೊತೆ ಡಾಂಗಲ್ಲೋ?

ನನ್ನ ಮಾತು ಸ್ಪಷ್ಟ: 3.5 ಇಯರ್‌ಫೋನ್ ಜೊತೆಗೆ ಡಾಂಗಲ್. ನೇರ ಟೈಪ್-ಸಿ ಇಯರ್‌ಫೋನಿನಲ್ಲಿ ಚಿಪ್, ವೈರ್, ಇಯರ್‌ಫೋನ್ ಮೂರೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಪಿನ್ ಹತ್ತಿರ ವೈರ್ ಮುರಿದರೆ ಮೂರೂ ಹೋದಂತೆ. ಡಾಂಗಲ್ ಬೇರೆ ಇದ್ದರೆ ಕೆಟ್ಟದ್ದನ್ನು ಮಾತ್ರ ಬದಲಿಸಬಹುದು.

ಇದಕ್ಕೂ ಒಂದು ಮೆಟ್ಟಿಲು ಮೇಲೆ, ವೈರನ್ನೇ ಬಿಚ್ಚಿ ಹಾಕಬಹುದಾದ ಇಯರ್‌ಫೋನ್‌ಗಳು. ಐಇಎಂ (ಇನ್-ಇಯರ್ ಮಾನಿಟರ್) ಅನ್ನುವ ಹೆಸರಿನಲ್ಲಿ ಸಿಗುವವು ಹೆಚ್ಚಾಗಿ ಈ ಬಗೆಯವು. ಬಿಚ್ಚುವ ಜಾಗದಲ್ಲಿ ಎರಡು ಸಣ್ಣ ಕಡ್ಡಿ ಇರುವುದು 0.78 ಎಂಎಂ ಟೂ-ಪಿನ್, ಟಕ್ ಅಂತ ಕೂತು ತಿರುಗುವ ದುಂಡು ಪಿನ್ ಎಂಎಂಸಿಎಕ್ಸ್. ಹೊಸ ವೈರ್ ತರುವಾಗ ಯಾವುದು ಅಂತ ಗೊತ್ತಿರಬೇಕು. ಕಡಿಮೆ ಬೆಲೆಯ ಐಇಎಂಗಳಲ್ಲಿ ಟೂ-ಪಿನ್ ಜಾಸ್ತಿ ಸಿಗುತ್ತದೆ. ಒಂದು ಅನುಕೂಲ ಏನೆಂದರೆ, ಇವಕ್ಕೆ ಡ್ಯಾಕ್ ಅಡಗಿರುವ ಟೈಪ್-ಸಿ ವೈರ್ ಕೂಡ ಬೇರೆಯಾಗಿ ಸಿಗುತ್ತದೆ. ಡಾಂಗಲ್ ಕಳೆದುಕೊಳ್ಳುವ ಭಯ ಇದ್ದರೆ ಅದನ್ನು ಹಾಕಿಕೊಳ್ಳಿ. ಇಯರ್‌ಫೋನ್ ಅದೇ ಉಳಿಯುತ್ತದೆ.

ನೇರ ಟೈಪ್-ಸಿ ಇಯರ್‌ಫೋನ್ ಒಪ್ಪುವುದು ಯಾವಾಗ? ಮನೆಯ ಹಿರಿಯರಿಗೆ ಕೊಡುವಾಗ. ಅಪ್ಪನಿಗೋ ಅಜ್ಜಿಗೋ ಡಾಂಗಲ್ ಮತ್ತು ಇಯರ್‌ಫೋನ್ ಎರಡನ್ನು ಜೋಡಿಸುವ ರಗಳೆ ಬೇಡ. ಒಂದೇ ವೈರ್, ಚುಚ್ಚಿದರೆ ಮುಗಿಯಿತು. ಅವರಿಗೆ ಇದೇ ಸರಿ.

ಹೆಜ್ಜೆ 4: ಮೈಕ್

ಫೋನ್ ಕಾಲ್, ಮೀಟಿಂಗ್ ಇದ್ದವರು ಇದನ್ನು ದಾಟಿ ಹೋಗಬೇಡಿ. 3.5 ಪಿನ್ನನ್ನು ಬೆಳಕಿಗೆ ಹಿಡಿದು ನೋಡಿ. ಲೋಹದ ಮೇಲೆ ಸಣ್ಣ ಪಟ್ಟಿಗಳು ಕಾಣುತ್ತವೆ. ಎರಡು ಪಟ್ಟಿ ಇದ್ದರೆ ಎಡ, ಬಲ ಸೌಂಡ್ ಮಾತ್ರ. ಮೂರು ಪಟ್ಟಿ ಇದ್ದರೆ ಮೈಕ್ ಕೂಡ ಇದೆ. ಇಯರ್‌ಫೋನಿನಲ್ಲಿ ಮೈಕ್ ಇದ್ದರೆ ಸಾಲದು, ಡಾಂಗಲ್ ಕೂಡ ಮೈಕನ್ನು ಫೋನಿಗೆ ದಾಟಿಸಬೇಕು. ಹಾಡಿಗೆಂದೇ ಮಾಡಿದ ಕೆಲವು ಡಾಂಗಲ್‌ಗಳು ದಾಟಿಸುವುದಿಲ್ಲ.

ಇದನ್ನು ಅಂಗಡಿಯಲ್ಲೇ ನೋಡಬಹುದು. ವಾಟ್ಸ್ಆ್ಯಪ್‌ನಲ್ಲಿ ನಿಮಗೇ ಒಂದು ವಾಯ್ಸ್ ಮೆಸೇಜ್ ರೆಕಾರ್ಡ್ ಮಾಡಿ. ಮಾತಾಡುತ್ತಾ ಇಯರ್‌ಫೋನಿನ ಮೈಕ್ ಇರುವ ಗುಂಡಿಯನ್ನು ಉಗುರಿನಿಂದ ಮೆಲ್ಲಗೆ ತಟ್ಟಿ. ಕೇಳಿಸಿಕೊಂಡಾಗ ಟಕ್ ಟಕ್ ಅಂತ ಜೋರಾಗಿ ಬಂದರೆ ಆ ಮೈಕೇ ಕೆಲಸ ಮಾಡುತ್ತಿದೆ. ತಟ್ಟಿದ್ದು ದೂರದಲ್ಲಿ ಕೇಳಿದರೆ ರೆಕಾರ್ಡ್ ಮಾಡಿದ್ದು ಫೋನಿನ ಮೈಕ್. ಒಂದು ಮಾಮೂಲಿ ಕಾಲ್ ಕೂಡ ಮಾಡಿ ನೋಡಿ. ವಾಟ್ಸ್ಆ್ಯಪ್‌ನಲ್ಲಿ ಸರಿ ಇದ್ದು ಮಾಮೂಲಿ ಕಾಲ್‌ನಲ್ಲಿ ಕೈಕೊಡುವ ಜೋಡಿಗಳಿವೆ.

ಇನ್ನೊಂದು ವಿಚಿತ್ರ ತೊಂದರೆ ಇದೆ. ಹಾಡಿನಲ್ಲಿ ವಾದ್ಯಗಳೆಲ್ಲ ಕೇಳುತ್ತವೆ, ಹಾಡುವವರ ದನಿ ಮಾತ್ರ ಬಾವಿಯೊಳಗಿಂದ ಬಂದ ಹಾಗೆ ಮಾಸಿರುತ್ತದೆ. ಮೈಕಿನ ಗುಂಡಿ ಒತ್ತಿ ಹಿಡಿದರೆ ದನಿ ಸರಿಯಾಗುತ್ತದೆ. ಪಿನ್ನಿನ ಮೇಲೆ ಮೈಕ್ ಮತ್ತು ಗ್ರೌಂಡ್ (ವಿದ್ಯುತ್ ಮರಳುವ ತಂತಿ) ಜೋಡಿಸುವ ಕ್ರಮ ಎರಡು ಥರ ಇದೆ. ಸಿಟಿಐಎ ಅನ್ನುವುದು ಈಗ ಎಲ್ಲೆಡೆ ನಡೆಯುವುದು. ಒಎಂಟಿಪಿ ಹಳೆಯದು. ಹಳೆಯ ಇಯರ್‌ಫೋನ್ ಹೊಸ ಡಾಂಗಲಿಗೆ ಬಿದ್ದಾಗ ಹೀಗಾಗಬಹುದು. ಪಿನ್ ಅರ್ಧ ಮಾತ್ರ ಒಳಗೆ ಹೋದಾಗಲೂ ಹೀಗೇ ಆಗುತ್ತದೆ. ಮೊದಲು ಗಟ್ಟಿಯಾಗಿ ಒತ್ತಿ ನೋಡಿ.

ಹೆಜ್ಜೆ 5: ಕಿವಿಗೆ ಕೂರಬೇಕು

ಇಯರ್‌ಫೋನ್ ಚೆನ್ನಾಗಿಲ್ಲ ಅಂತ ದೂರುವವರಲ್ಲಿ ಎಷ್ಟೋ ಜನರ ಇಯರ್‌ಫೋನ್ ಚೆನ್ನಾಗಿಯೇ ಇರುತ್ತದೆ. ಕಿವಿಯಲ್ಲಿ ಕೂತಿರುವುದಿಲ್ಲ ಅಷ್ಟೆ.

ಇನ್-ಇಯರ್ ಕೆಲಸ ಮಾಡುವುದು ಕಿವಿಯ ಬಾಯಿಯನ್ನು ಪೂರ್ತಿ ಮುಚ್ಚಿದಾಗ ಮಾತ್ರ. ಗ್ಯಾಸ್ಕೆಟ್ ಸಡಿಲವಾದ ಕುಕ್ಕರ್ ಎಷ್ಟು ಹೊತ್ತು ಇಟ್ಟರೂ ಕೂಗುವುದಿಲ್ಲ. ಇಲ್ಲೂ ಕೂದಲೆಳೆಯಷ್ಟು ಸಂದಿ ಉಳಿದರೆ ಬೇಸ್ ಸೋರಿ ಹೋಗುತ್ತದೆ. ಆಗ ಹಾಡು ತೆಳ್ಳಗೆ, ಕೀರಲು ಕೀರಲಾಗಿ ಕೇಳುತ್ತದೆ. ಜನ ವಾಲ್ಯೂಮ್ ಏರಿಸುತ್ತಾರೆ, ಕಿವಿ ನೋಯುತ್ತದೆ.

ಬಾಕ್ಸಿನಲ್ಲಿ ಸಾಮಾನ್ಯವಾಗಿ ಚಿಕ್ಕ, ನಡು, ದೊಡ್ಡ ಅಳತೆಯ ರಬ್ಬರ್ ಟಿಪ್ ಇರುತ್ತವೆ. ಇಯರ್‌ಫೋನಿಗೆ ಮೊದಲೇ ಸಿಕ್ಕಿಸಿರುವುದು ನಡು ಅಳತೆ. ಹೆಚ್ಚಿನವರು ಅದನ್ನು ಬದಲಿಸುವುದೇ ಇಲ್ಲ. ಎಲ್ಲವನ್ನೂ ಹಾಕಿ ನೋಡಿ. ಎಡಗಿವಿ, ಬಲಗಿವಿ ಬೇರೆ ಬೇರೆ ಅಳತೆ ಕೇಳಬಹುದು, ಅದು ಸಹಜ.

ಹಾಕುವ ಕ್ರಮ ಹೀಗೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಬಲಗಿವಿಯ ಮೇಲ್ತುದಿಯನ್ನು ಮೆಲ್ಲಗೆ ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಕಿವಿಯ ದಾರಿ ನೆಟ್ಟಗಾಗುತ್ತದೆ. ಬಲಗೈಯಿಂದ ಇಯರ್‌ಫೋನ್ ಒಳಗಿಟ್ಟು, ಸ್ವಲ್ಪ ಹಿಂದಕ್ಕೆ ತಿರುಗಿಸಿ, ಕಿವಿ ಬಿಡಿ. ಸರಿಯಾಗಿ ಕೂತರೆ ಮನೆಯ ಫ್ಯಾನಿನ ಸದ್ದು ತಟ್ಟನೆ ದೂರ ಹೋಗುತ್ತದೆ. ಹಾಡು ಹಚ್ಚದೆ ಮಾತಾಡಿದರೆ ನಿಮ್ಮ ದನಿ ತಲೆಯೊಳಗೆ ಗುಂಯ್‌ಗುಡುತ್ತದೆ. ಈಗ ಬಾಯಿ ಅಗಲವಾಗಿ ತೆರೆದು ಮುಚ್ಚಿ, ಏನನ್ನಾದರೂ ಅಗಿದ ಹಾಗೆ ಮಾಡಿ. ಅಷ್ಟಕ್ಕೇ ಬಿಟ್ಟುಕೊಂಡರೆ ಒಂದು ಅಳತೆ ದೊಡ್ಡದು ಬೇಕು. ಅರ್ಧ ಗಂಟೆಗೆ ನೋವು ಬಂದರೆ ಚಿಕ್ಕದು ಬೇಕು.

ಐಇಎಂಗಳಲ್ಲಿ ವೈರ್ ಕಿವಿಯ ಮೇಲಿಂದ ಹಾದು ಹಿಂದಕ್ಕೆ ಇಳಿಯಬೇಕು. ಮೊದಲ ವಾರ ಕಿರಿಕಿರಿ, ಆಮೇಲೆ ಬಿಡಲಾಗದು. ಬಿಎಂಟಿಸಿ ಬಸ್ಸಿನ ನೂಕುನುಗ್ಗಲಲ್ಲಿ ವೈರ್ ಯಾರದೋ ಬ್ಯಾಗಿಗೆ ಸಿಕ್ಕಿದರೂ ಕಿವಿಯಿಂದ ಸುಲಭವಾಗಿ ಕಿತ್ತು ಬರುವುದಿಲ್ಲ. ವೈರ್ ಅಂಗಿಗೆ ಉಜ್ಜಿದಾಗ ಕಿವಿಯಲ್ಲಿ ಬರುವ ಬರಬರ ಸದ್ದೂ ಕಡಿಮೆಯಾಗುತ್ತದೆ. ನೇರ ಕೆಳಗೆ ಇಳಿಯುವ ವೈರ್ ಆದರೆ ಅಂಗಿಗೆ ಒಂದು ಕ್ಲಿಪ್ ಹಾಕಿ.

ರಬ್ಬರ್ ಯಾವುದೂ ಹೊಂದದಿದ್ದರೆ ಫೋಮ್ ಟಿಪ್ ಇದೆ. ಬೆರಳಲ್ಲಿ ಹೊಸೆದು ಒಳಗಿಟ್ಟರೆ ಕಿವಿಯೊಳಗೆ ಅರಳಿ ಮುಚ್ಚಿಕೊಳ್ಳುತ್ತದೆ. ಮೆಜೆಸ್ಟಿಕ್ ಆಸುಪಾಸಿನ ಸುರಂಗದಲ್ಲಿ ಮೆಟ್ರೋ ಓಡುವಾಗಿನ ಗದ್ದಲಕ್ಕೆ ಇದು ಒಳ್ಳೆಯ ಮದ್ದು. ಇದರಲ್ಲಿ ಮೇಲಿನ ಸ್ವರಗಳು ಸ್ವಲ್ಪ ಮೃದುವಾಗುತ್ತವೆ, ಬೇಗ ಸವೆಯುತ್ತದೆ ಕೂಡ.

ಕಿವಿಯೊಳಗೆ ಏನೂ ತುರುಕುವುದು ಬೇಡ ಅನ್ನುವವರಿಗೆ ಆ್ಯಪಲ್ ಇಯರ್‌ಪಾಡ್ಸ್ ಥರದ, ಕಿವಿಯ ಬಾಯಲ್ಲಿ ಸುಮ್ನೆ ಕೂರುವ ಬಗೆ ಇದೆ. ಮನೆಗೆ ಹಿತ. ಬಸ್ಸು, ಮೆಟ್ರೋಗೆ ಆಗುವುದಿಲ್ಲ, ಹೊರಗಿನ ಸದ್ದೆಲ್ಲ ಒಳಗೆ ಬರುತ್ತದೆ.

ಹೆಜ್ಜೆ 6: ಯಾವ ಥರದ ಸೌಂಡ್?

ನಿಮಗೆ ಪೂರ್ತಿ ಪರಿಚಯ ಇರುವ ನಾಲ್ಕೈದು ಹಾಡು ಫೋನಿನಲ್ಲಿ ಡೌನ್‌ಲೋಡ್ ಮಾಡಿಕೊಂಡು ಹೋಗಿ. ಹೊಸ ಹಾಡಿನಲ್ಲಿ ಏನು ತಪ್ಪಿದೆ ಅಂತ ಗೊತ್ತಾಗುವುದಿಲ್ಲ.

ಒಂದು ಭಾವಗೀತೆ ಇರಲಿ, ಹೆಣ್ಣು ದನಿಯದು. ಮಾತು ಮುಂದೆ, ಸ್ಪಷ್ಟವಾಗಿ ನಿಲ್ಲಬೇಕು. ಸ, ಶ, ಚ ಬರುವ ಕಡೆ ಗಮನ ಕೊಡಿ. ಆ ಅಕ್ಷರಗಳು ಸೂಜಿಯಂತೆ ಚುಚ್ಚಿದರೆ ಒಂದು ಗಂಟೆ ಕೇಳುವಷ್ಟರಲ್ಲಿ ತಲೆ ನೋವು ಗ್ಯಾರಂಟಿ. ಒಂದು ಕರ್ನಾಟಕ ಸಂಗೀತದ ಕಛೇರಿಯ ರೆಕಾರ್ಡಿಂಗ್ ಇರಲಿ. ಮೃದಂಗದ ಎಡಗಡೆಯ ಗುಂ ಅನ್ನುವ ನಾದ ಎದ್ದು, ಬಾಗಿ, ನಿಲ್ಲುವುದು ಬಿಡಿಬಿಡಿಯಾಗಿ ಕೇಳಬೇಕು. ಅದು ಬರೀ ದಬದಬ ಅಂದರೆ ಬೇಸ್ ಜಾಸ್ತಿ, ಹಿಡಿತ ಕಡಿಮೆ. ಹಿಂದಿರುವ ತಂಬೂರಿ ಸಣ್ಣಗೆ, ಬಿಡದೆ ಕೇಳುತ್ತಿರಬೇಕು. ಯಕ್ಷಗಾನ ಕೇಳುವವರು ಚಂಡೆ ಬಿರುಸಾಗುವ ಭಾಗ ಹಾಕಿ ನೋಡಿ. ಅಗ್ಗದ ಇಯರ್‌ಫೋನಿನಲ್ಲಿ ಚಂಡೆ, ಮದ್ದಳೆ, ಜಾಗಟೆ ಎಲ್ಲ ಸೇರಿ ಒಂದೇ ಗದ್ದಲವಾಗುತ್ತದೆ. ಒಳ್ಳೆಯದರಲ್ಲಿ ಭಾಗವತರ ದನಿ ಅದರ ಮೇಲೆ ತೇಲಿ ಬರುತ್ತದೆ. ಕೊನೆಗೆ ಒಂದು ಹೊಸ ಸಿನಿಮಾ ಹಾಡು, ಬೇಸ್ ಜೋರಿರುವುದು.

ಅಂಗಡಿಯಲ್ಲಿ ಅರ್ಧ ನಿಮಿಷ ಕೇಳಿದಾಗ ಬೇಸ್ ಜಾಸ್ತಿ ಇರುವುದೇ ಚೆನ್ನಾಗಿ ಕಾಣುತ್ತದೆ. ಅಗ್ಗದ ಇಯರ್‌ಫೋನ್‌ಗಳಲ್ಲಿ ಹೆಚ್ಚಿನವು ಬೇಸ್ ಮತ್ತು ಮೇಲಿನ ಸ್ವರ ಎರಡನ್ನೂ ಎತ್ತಿ, ನಡುವಿನ ದನಿಯನ್ನು ಹಿಂದೆ ತಳ್ಳುತ್ತವೆ. ಕನ್ನಡದ ಹಾಡುಗಳಲ್ಲಿ ಸಾಹಿತ್ಯವೇ ಜೀವ ಅಲ್ವಾ? ದನಿ ಹಿಂದೆ ಸರಿದರೆ ಏನು ಉಳಿಯಿತು? ಅದಕ್ಕೆ ನನ್ನ ಸಲಹೆ, ಮೊದಲು ದನಿ ನೋಡಿ, ಆಮೇಲೆ ಬೇಸ್.

ಕೇಳಿ ನೋಡಲು ಆಗದಿದ್ದರೆ ಸ್ಕ್ವಿಗ್ ಲಿಂಕ್ ಅನ್ನುವ ತಾಣದಲ್ಲಿ ಸಾವಿರಾರು ಇಯರ್‌ಫೋನ್‌ಗಳ ಗ್ರಾಫ್ ಇವೆ. ಎಡಗಡೆ ಬೇಸ್, ನಡುವೆ ದನಿ, ಬಲಗಡೆ ಚುರುಕು ಸದ್ದು. ನಿಮ್ಮ ಹತ್ತಿರ ಇರುವ ಇಯರ್‌ಫೋನಿನ ಗೆರೆಯ ಪಕ್ಕ ಕೊಳ್ಳಬೇಕಾದದ್ದರ ಗೆರೆ ಇಟ್ಟು ನೋಡಿದರೆ ಏನು ಹೆಚ್ಚು, ಏನು ಕಡಿಮೆ ಅಂತ ಅಂದಾಜು ಸಿಗುತ್ತದೆ.

ಬಾಕ್ಸಿನ ಮೇಲಿನ ಅಂಕಿಗಳು

20 ಹರ್ಟ್ಸ್‌ನಿಂದ 20,000 ಹರ್ಟ್ಸ್ ಅಂತ ಎಲ್ಲ ಬಾಕ್ಸ್ ಮೇಲೂ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಡ್ರೈವರ್ (ಇಯರ್‌ಫೋನಿನೊಳಗಿನ ಪುಟ್ಟ ಸ್ಪೀಕರ್) 10 ಎಂಎಂ, 12 ಎಂಎಂ ಅನ್ನುವುದೂ ಹಾಗೇ. ದೊಡ್ಡದಾದ ಮಾತ್ರಕ್ಕೆ ಒಳ್ಳೆಯದಲ್ಲ. ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 16ರಿಂದ 32 ಓಮ್, ಸೆನ್ಸಿಟಿವಿಟಿ (ಕೊಟ್ಟ ಪವರ್‌ಗೆ ಎಷ್ಟು ಜೋರು ಅನ್ನುವ ಅಳತೆ) ಒಂದು ಮಿಲಿವ್ಯಾಟಿಗೆ 100 ಡೆಸಿಬೆಲ್ ಆಸುಪಾಸು ಇದ್ದರೆ ಸಣ್ಣ ಡಾಂಗಲ್ ಧಾರಾಳ ಸಾಕು. ಕೆಲವು ಕಂಪನಿಗಳು ಈ ಅಂಕಿಯನ್ನು ಮಿಲಿವ್ಯಾಟ್ ಬದಲು ವೋಲ್ಟ್ ಲೆಕ್ಕದಲ್ಲಿ ಹಾಕುತ್ತವೆ. 32 ಓಮ್ ಇಯರ್‌ಫೋನಿನಲ್ಲಿ ಅದು ಸುಮಾರು 15 ಡೆಸಿಬೆಲ್ ಹೆಚ್ಚು ಕಾಣುತ್ತದೆ. ಎರಡು ಬಾಕ್ಸ್ ಹೋಲಿಸುವಾಗ ಯಾವ ಲೆಕ್ಕ ಅಂತ ನೋಡಿಕೊಳ್ಳಿ.

ಹೆಜ್ಜೆ 7: ಎಷ್ಟು ದುಡ್ಡು, ಎಲ್ಲಿ?

ಡಾಂಗಲ್ ಬಿಟ್ಟು ಐದಾರು ನೂರರ ಆಸುಪಾಸಿನಲ್ಲಿ ಜೆಬಿಎಲ್ ಸಿ100ಎಸ್‌ಐ, ರಿಯಲ್‌ಮಿ ಬಡ್ಸ್ 2ನಂಥವು ಬರುತ್ತವೆ. ಕಾಲ್, ಕ್ಲಾಸ್, ಯೂಟ್ಯೂಬ್‌ಗೆ ಸಾಕು. ಹಾಡಿನ ಮೇಲೆ ಪ್ರೀತಿ ಇದ್ದರೆ ಎರಡು ಸಾವಿರದ ಆಚೀಚೆ ಹೋಗಿ. ಮೂನ್‌ಡ್ರಾಪ್ ಚು 2, ಟ್ಯಾಂಗ್ಜು ವಾನೆರ್, 7ಹರ್ಟ್ಸ್ ಝೀರೋ ಈ ಮಟ್ಟದಲ್ಲಿ ಹೆಸರು ಮಾಡಿದವು, ವೈರ್ ಬಿಚ್ಚಿ ಹಾಕಬಹುದಾದವು. ಕೊಳ್ಳುವಾಗ ಮೈಕ್ ಇರುವ ಮಾದರಿಯೋ ಇಲ್ಲದ್ದೋ ಅಂತ ನೋಡಿ, ಹೆಚ್ಚಿನವಲ್ಲಿ ಎರಡೂ ಬರುತ್ತವೆ. ಇದರಿಂದ ಮೇಲೆ ಹೋದಂತೆ ಹಾಕಿದ ದುಡ್ಡಿಗೆ ಸಿಗುವ ಹೆಚ್ಚಳ ಕಡಿಮೆಯಾಗುತ್ತಾ ಹೋಗುತ್ತದೆ.

ಐಇಎಂಗಳು ಹೆಚ್ಚಾಗಿ ಆನ್‌ಲೈನ್‌ನಲ್ಲೇ. ಕಿವಿಯೊಳಗೆ ಹೋಗುವ ವಸ್ತು ಅಂತ ಎಷ್ಟೋ ಮಾರಾಟಗಾರರು ವಾಪಸ್ ತೆಗೆದುಕೊಳ್ಳುವುದಿಲ್ಲ, ಕೆಟ್ಟಿದ್ದರೆ ಬದಲಿ ಕೊಡುತ್ತಾರೆ ಅಷ್ಟೆ. ಆ ನಿಯಮ ಮೊದಲೇ ಓದಿ. ಬಾಕ್ಸ್ ತೆರೆಯುವಾಗ ವಿಡಿಯೋ ಮಾಡಿಕೊಳ್ಳಿ.

ಡಾಂಗಲ್, ಬದಲಿ ವೈರ್, ಟಿಪ್ ಇಂಥವಕ್ಕೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆ. ಹಸಿರು ಮಾರ್ಗದ ಚಿಕ್ಕಪೇಟೆ ಅಥವಾ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ನಡೆದು ಹೋಗಬಹುದು. ಗಾಡಿ ತಂದರೆ ನಿಲ್ಲಿಸಲು ಜಾಗ ಹುಡುಕುವುದೇ ಒಂದು ಕೆಲಸ. ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ, ವಾರದ ದಿನ ಮಧ್ಯಾಹ್ನಕ್ಕೆ ಮೊದಲು ಹೋದರೆ ಅಂಗಡಿಯವರಿಗೂ ಪುರುಸೊತ್ತು ಇರುತ್ತದೆ. ಅಲ್ಲಿ ಮಾತು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ:

"ಅಣ್ಣಾ, ಇದರಲ್ಲಿ ಡ್ಯಾಕ್ ಇದ್ಯಾ?"

"ಎಲ್ಲಾ ಫೋನಿಗೂ ಬರುತ್ತೆ ಸಾರ್, ತಗೊಳ್ಳಿ."

ಇದು ಉತ್ತರ ಅಲ್ಲ. "ಒಂದ್ಸಲ ನನ್ನ ಫೋನಿಗೆ ಹಾಕಿ ನೋಡ್ತೀನಿ, ಆಮೇಲೆ ದುಡ್ಡು ಕೊಡ್ತೀನಿ" ಅನ್ನಿ. ಒಳ್ಳೆಯ ಅಂಗಡಿಯವರು ಬೇಡ ಅನ್ನುವುದಿಲ್ಲ. ಪರೀಕ್ಷೆಗೆ ನಿಮ್ಮದೇ ಹಳೆಯ 3.5 ಇಯರ್‌ಫೋನ್ ಜೊತೆಗಿರಲಿ. ಬಿಲ್ ಕೇಳಿ ತೆಗೆದುಕೊಳ್ಳಿ, ವಾರಂಟಿಗೆ ಅದೇ ಆಧಾರ. ದೊಡ್ಡ ಬ್ರಾಂಡ್ ಹೆಸರಿನ ವಸ್ತು ಮೂಲ ಬೆಲೆಯ ಕಾಲು ಭಾಗಕ್ಕೆ ಸಿಕ್ಕರೆ ಅದು ನಕಲಿ ಅಂತಲೇ ತಿಳಿಯಿರಿ.

ಹೆಜ್ಜೆ 8: ಮನೆಗೆ ತಂದ ಮೇಲೆ

ಚುಚ್ಚಿದರೂ ಏನೂ ಆಗದಿದ್ದರೆ ಗಾಬರಿ ಬೇಡ. ಒಪ್ಪೋ, ರಿಯಲ್‌ಮಿ, ವಿವೋ, ಒನ್‌ಪ್ಲಸ್‌ನ ಹಲವು ಫೋನುಗಳಲ್ಲಿ ಸೆಟ್ಟಿಂಗ್ಸ್‌ನಲ್ಲಿ ಒಟಿಜಿ ಅನ್ನುವ ಬಟನ್ ಇರುತ್ತದೆ. ಅದನ್ನು ಆನ್ ಮಾಡದೆ ಡಾಂಗಲ್‌ಗೆ ಕರೆಂಟ್ ಹೋಗುವುದಿಲ್ಲ. ಸ್ವಲ್ಪ ಹೊತ್ತು ಬಳಸದಿದ್ದರೆ, ಸಾಮಾನ್ಯವಾಗಿ 10 ನಿಮಿಷಕ್ಕೆ, ಅದು ತಾನೇ ಆಫ್ ಆಗುತ್ತದೆ. ಅಂಗಡಿಯಲ್ಲಿ ಪರೀಕ್ಷೆ ಮಾಡುವಾಗಲೂ ಇದನ್ನು ಮರೆಯಬೇಡಿ. ಡೆವಲಪರ್ ಆಯ್ಕೆಗಳನ್ನು ತೆರೆದಿಟ್ಟವರು ಯುಎಸ್‌ಬಿ ಆಡಿಯೋ ರೂಟಿಂಗ್ ನಿಲ್ಲಿಸುವ ಆಯ್ಕೆ ಆಫ್ ಇದೆಯಾ ನೋಡಿ.

ಮುಂದೆ ಎಡ-ಬಲದ ಸಮತೋಲ. ರೇಡಿಯೋ ವಾರ್ತೆಯಂಥ ಒಬ್ಬರೇ ಮಾತಾಡುವ ಆಡಿಯೋ ಹಾಕಿ. ದನಿ ತಲೆಯ ನಟ್ಟನಡುವೆ ನಿಲ್ಲಬೇಕು. ಒಂದು ಕಡೆ ಎಳೆದರೆ ಇಯರ್‌ಫೋನ್ ಎಡ-ಬಲ ಬದಲಿಸಿ ಹಾಕಿಕೊಳ್ಳಿ. ಎಳೆತವೂ ಕಡೆ ಬದಲಿಸಿದರೆ ತಪ್ಪು ಇಯರ್‌ಫೋನಿನದೋ ಡಾಂಗಲಿನದೋ ಇರುತ್ತದೆ, ಬದಲಿಸಿಕೊಡಿ ಅಂತ ಕೇಳಿ. ಅದೇ ಕಡೆ ಉಳಿದರೆ ಇನ್ನೊಂದು ಕಿವಿಯ ಟಿಪ್ ಸರಿಯಾಗಿ ಕೂತಿಲ್ಲ, ಅಥವಾ ಆ ಇನ್ನೊಂದು ಕಿವಿಯನ್ನು ವೈದ್ಯರಿಗೆ ತೋರಿಸಬೇಕಾದೀತು.

ಸಿಗ್ನಲ್ ಕಡಿಮೆ ಇರುವ ಕಡೆ ಚಿರ್ ಚಿರ್ ಅನ್ನುವ ಸದ್ದು ಬಂದರೆ ಫೋನಿನ ರೇಡಿಯೋ ಅಲೆ ಡಾಂಗಲ್ ಒಳಗೆ ನುಸುಳುತ್ತಿದೆ ಅಂತ ಅರ್ಥ. ಡಾಂಗಲನ್ನು ಫೋನಿನ ಮೈಗೆ ತಾಗದಂತೆ ದೂರ ಇಟ್ಟು ನೋಡಿ. ಕೇಳದೆ ಇರುವಾಗ ಡಾಂಗಲ್ ಕಿತ್ತಿಡಿ, ಸುಮ್ನೆ ಚುಚ್ಚಿಟ್ಟರೂ ಬ್ಯಾಟರಿ ತಿನ್ನುತ್ತದೆ.

ವಾಲ್ಯೂಮ್ ಮತ್ತು ರಸ್ತೆ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ. 90 ಡೆಸಿಬೆಲ್‌ಗೆ ಏರಿಸಿದರೆ ಬರೀ 4 ಗಂಟೆ. ಹತ್ತು ಡೆಸಿಬೆಲ್ ಅಂದರೆ ಫೋನಿನಲ್ಲಿ ಗುಂಡಿಯ ಕೆಲವೇ ಒತ್ತು. ಮಕ್ಕಳಿಗೆ ಮಿತಿ ಇನ್ನೂ ಕೆಳಗೆ, 75 ಡೆಸಿಬೆಲ್. ಮನೆಯಲ್ಲಿ ಸದ್ದಿಲ್ಲದಾಗ ಹಿತವಾಗುವಷ್ಟು ವಾಲ್ಯೂಮ್ ಇಟ್ಟುಕೊಳ್ಳಿ, ಬಸ್ಸಿನಲ್ಲಿ ಅದರ ಮೇಲೆ ತುಸು ಮಾತ್ರ ಏರಿಸಿ. ಅದಕ್ಕಿಂತ ಜಾಸ್ತಿ ಬೇಕು ಅನಿಸಿದರೆ ಟಿಪ್ ಬದಲಿಸಿ, ವಾಲ್ಯೂಮ್ ಅಲ್ಲ.

ಗಾಡಿ ಓಡಿಸುವಾಗ, ರಸ್ತೆ ದಾಟುವಾಗ ಎರಡೂ ಕಿವಿಯಿಂದ ತೆಗೆಯಿರಿ. ಚೆನ್ನಾಗಿ ಕೂತ ಇನ್-ಇಯರ್ ಹಾರ್ನ್ ಸದ್ದನ್ನೂ ತಡೆಯುತ್ತದೆ. ಸಿಲ್ಕ್ ಬೋರ್ಡ್‌ನಂಥ ಜಂಕ್ಷನ್‌ನಲ್ಲಿ ಹಾಡಿಗಿಂತ ಜೀವ ದೊಡ್ಡದು.

ಬಾಳಿಕೆ

ಟಿಪ್‌ಗಳನ್ನು ಆಗಾಗ ಕಿತ್ತು ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಇಯರ್‌ಫೋನಿನಲ್ಲಿ ಟಿಪ್ ಕೂರುವ ನಾಳದ ಬಾಯಿಯ ಜಾಲರಿಯಲ್ಲಿ ಗುಗ್ಗೆ ಕೂತರೆ ಆ ಕಡೆಯ ಸೌಂಡ್ ಮೆಲ್ಲಗೆ ಸಾಯುತ್ತದೆ. ಜಾಲರಿ ಕೆಳಮುಖ ಮಾಡಿ ಮೃದುವಾದ ಬ್ರಷ್‌ನಿಂದ ತಟ್ಟಿ, ಪಿನ್ ಚುಚ್ಚಬೇಡಿ. ಮಳೆಗಾಲದಲ್ಲಿ ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಒಂದನ್ನು ಇಯರ್‌ಫೋನಿನ ಚೀಲದಲ್ಲಿ ಹಾಕಿಡಿ. ವೈರನ್ನು ಫೋನಿಗೆ ಬಿಗಿಯಾಗಿ ಸುತ್ತಬೇಡಿ, ಸಡಿಲ ಸುರುಳಿ ಸಾಕು. ಡಾಂಗಲ್ ಸಡಿಲ ಅನಿಸಿದರೆ ಬಹುಪಾಲು ಫೋನಿನ ಪೋರ್ಟಿನಲ್ಲಿ ಜೇಬಿನ ನೂಲಿನ ಧೂಳು ಗಟ್ಟಿಯಾಗಿರುತ್ತದೆ. ಫೋನ್ ಆಫ್ ಮಾಡಿ, ಒಣ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಎತ್ತಿ.

ಒಂದು ಕಡೆ ಸೌಂಡ್ ನಿಂತರೆ ಎಸೆಯುವ ಮೊದಲು ವೈರ್ ಬಿಚ್ಚಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ. ಮೊದಲು ಸುಮ್ಮನಿದ್ದ ಇಯರ್‌ಫೋನ್ ಈಗ ಹಾಡಿದರೆ ಕೆಟ್ಟಿರುವುದು ಹೆಚ್ಚಾಗಿ ವೈರ್. ಟೂ-ಪಿನ್ನೋ ಎಂಎಂಸಿಎಕ್ಸೋ ನೋಡಿಕೊಂಡು ಹೊಸದು ತಂದರೆ ಕೆಲವೇ ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ವೈರ್ ಬಿಚ್ಚಲಾಗದ ಇಯರ್‌ಫೋನ್ ಆದರೆ ಪಿನ್ ಹತ್ತಿರ ವೈರನ್ನು ಬಾಗಿಸಿ ಹಿಡಿದು ನೋಡಿ. ಆಗ ಸದ್ದು ಬಂದು ಹೋಗುತ್ತಿದ್ದರೆ ಮುರಿದಿರುವುದು ಅಲ್ಲೇ. ಅಷ್ಟು ಭಾಗ ಕತ್ತರಿಸಿ ಹೊಸ 3.5 ಪಿನ್ ಬೆಸುಗೆ ಹಾಕಿಸಿಕೊಳ್ಳಬಹುದು.